ಸಂಬಳದಲ್ಲಿ ಮುರಿದ ತೆರಿಗೆಗೆ ಪತ್ರ ಬಾರದಿದ್ದರೆ

ಜೂನ್ ತಿಂಗಳು ಬಂತೆಂದರೆ ಮುಂಬಯಿಯಲ್ಲಿ ಮಳೆಯೊಡನೆ ಇನ್ನೊಂದು ನಿರೀಕ್ಷೆಯೂ ಆರಂಭವಾಗುತ್ತದೆ. ಸಂಬಳವನ್ನೇ ನಂಬಿ ಜೀವನ ನಡೆಸುವ ನಮ್ಮ ಕನ್ನಡ ಬಂಧುಗಳು ತಮ್ಮ ಕಚೇರಿಯಿಂದ ಬರಬೇಕಾದ ಒಂದು ಕಾಗದದ ದಾರಿ ನೋಡುತ್ತಾರೆ. ವರ್ಷವಿಡೀ ಸಂಬಳದಿಂದ ಎಷ್ಟು ತೆರಿಗೆಯನ್ನು ಮುರಿದುಕೊಳ್ಳಲಾಯಿತು, ಅದು ಸರಕಾರದ ಬೊಕ್ಕಸಕ್ಕೆ ಯಾವಾಗ ಸಂದಾಯವಾಯಿತು ಎಂಬುದನ್ನು ತಿಳಿಸುವ ಪ್ರಮಾಣಪತ್ರವದು. ಜನರ ಬಾಯಲ್ಲಿ ಅದಕ್ಕೆ 'ಫಾರಂ 16' ಎಂದೇ ಹೆಸರು. ದೊಡ್ಡ ಸಂಸ್ಥೆಗಳಲ್ಲಿ ಅದು ಬಹುಮಟ್ಟಿಗೆ ಕಾಲಕ್ಕೆ ಸರಿಯಾಗಿ ಕೈಸೇರುತ್ತದೆ. ಕಷ್ಟ ಒದಗುವುದು ಸಣ್ಣ ಕಂಪೆನಿಗಳಲ್ಲಿ, ಬಾಗಿಲು ಮುಚ್ಚುವ ಸ್ಥಿತಿಗೆ ಬಂದ ಸಂಸ್ಥೆಗಳಲ್ಲಿ, ಮನಸ್ತಾಪದಿಂದ ಕೆಲಸ ಬಿಟ್ಟು ಬಂದ ಕಡೆಗಳಲ್ಲಿ.

ಊರಿನಿಂದ ಬಂದು ಅಂಧೇರಿಯ ಸಣ್ಣ ಕಂಪೆನಿಯೊಂದರಲ್ಲಿ ಲೆಕ್ಕ ಬರೆಯುವ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ತಿಂಗಳು ತಿಂಗಳೂ ಆತನ ಸಂಬಳದಿಂದ 4,000 ರೂಪಾಯಿಗಳನ್ನು ತೆರಿಗೆಯೆಂದು ಹಿಡಿಯಲಾಗಿದೆ. ವರ್ಷಕ್ಕೆ 48,000 ರೂಪಾಯಿಗಳಾದವು. ಪತ್ರ ಕೇಳಿದರೆ 'ಮುಂದಿನ ವಾರ ನೋಡೋಣ' ಎಂಬ ಉತ್ತರ. ಯಜಮಾನರ ಮನಸ್ಸು ಕೆಡಿಸಬಾರದೆಂದು ಆತ ಸುಮ್ಮನಾಗುತ್ತಾನೆ. ಕೆಲವು ತಿಂಗಳ ಬಳಿಕ ತೆರಿಗೆ ಇಲಾಖೆಯಿಂದ ಬಾಕಿಯ ನೋಟೀಸು ಬಂದಾಗ ಆತನ ಎದೆ ನಡುಗುತ್ತದೆ. ಒಮ್ಮೆ ಕಳೆದುಕೊಂಡ ಹಣವನ್ನು ಇನ್ನೊಮ್ಮೆ ಕಟ್ಟಬೇಕೇ?

ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ನೌಕರನಿಗೆ ಅನುಕೂಲವಾಗಿಯೇ ಇದೆ. ಅದನ್ನು ತಿಳಿಯದೆ ಅನೇಕರು ನಷ್ಟಕ್ಕೀಡಾಗುತ್ತಾರೆ.

ಮೊದಲಿಗೆ ಯಜಮಾನರ ಕರ್ತವ್ಯವನ್ನು ನೋಡೋಣ. 1961ರ ಆದಾಯ ತೆರಿಗೆ ಕಾಯಿದೆಯ 192ನೆಯ ಕಲಮು ಸಂಬಳದಿಂದ ತೆರಿಗೆ ಮುರಿಯುವ ಹೊಣೆಯನ್ನು ಅವರ ಮೇಲೆ ಹೊರಿಸುತ್ತದೆ; 203ನೆಯ ಕಲಮು ಅದಕ್ಕೆ ಪ್ರಮಾಣಪತ್ರ ಕೊಡಬೇಕೆನ್ನುತ್ತದೆ. ಮಾರ್ಚಿಗೆ ಮುಗಿದ ವರ್ಷದ ಪತ್ರವನ್ನು ಜೂನ್ 15ರೊಳಗೆ ಕೊಡಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ, ಮುರಿದ ತೆರಿಗೆಯ ಮೊತ್ತವನ್ನು ಮೀರದಂತೆ, ದಂಡ ವಿಧಿಸಲು ಅವಕಾಶವಿದೆ. 2025ರಲ್ಲಿ ಅಂಗೀಕೃತವಾದ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ, ಆ ಬಳಿಕದ ಸಂಬಳಕ್ಕೆ ಕಲಮುಗಳ ಸಂಖ್ಯೆ ಬೇರೆ. ಹಿಂದಿನ ವರ್ಷಗಳ ವ್ಯವಹಾರಕ್ಕೆ ಹಳೆಯ ಕಾಯಿದೆಯೇ ಆಧಾರ. ಏನೇ ಇರಲಿ, ಪತ್ರ ಕೊಡುವುದು ಯಜಮಾನರ ಕೃಪೆಯಲ್ಲ; ಅದು ನೌಕರನಿಗೆ ಸಲ್ಲಬೇಕಾದುದು. ಆದರೆ ಸಂಬಳದಿಂದ ತೆರಿಗೆಯನ್ನೇ ಮುರಿಯದಿದ್ದಲ್ಲಿ ಈ ಪತ್ರ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಆಗ ತೆರಿಗೆ ಇದ್ದರೆ ಕಟ್ಟುವ ಭಾರ ನೌಕರನದೇ.

ಜೂನ್ 15 ಕಳೆದರೂ ಪತ್ರ ಬಾರದಿದ್ದರೆ ಬಾಯಿಮಾತಿನ ವಿಚಾರಣೆಯನ್ನು ನಿಲ್ಲಿಸಿ ಬರವಣಿಗೆಯಲ್ಲಿ ಕೇಳಬೇಕು. ಯಾವ ವರ್ಷದ ಪತ್ರ, ಎಷ್ಟು ತೆರಿಗೆ ಹಿಡಿಯಲಾಗಿದೆ ಎಂಬ ವಿವರದೊಡನೆ ವಿನಯವಾಗಿಯೇ ಬರೆಯಬಹುದು. ಈಮೇಲ್ ಸಾಕು, ಕೆಲಸ ಬಿಟ್ಟು ಬಂದವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಮೇಲು. ಮುಂದೆ ಮಾತು ಬೆಳೆದರೆ ಇದೇ ನಿಮ್ಮ ಸಾಕ್ಷಿ.

ಎರಡನೆಯದಾಗಿ, ಹಣ ಬೊಕ್ಕಸ ಸೇರಿದೆಯೇ ಎಂದು ನೀವೇ ನೋಡಿಕೊಳ್ಳಬೇಕು. ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯ ಮೂಲಕ ಪ್ರವೇಶಿಸಿದರೆ 'ಫಾರಂ 26ಎಎಸ್' ಎಂಬ ಲೆಕ್ಕಪಟ್ಟಿ ದೊರೆಯುತ್ತದೆ. ನಿಮ್ಮ ಹೆಸರಿನಲ್ಲಿ ಯಾರು, ಯಾವಾಗ, ಎಷ್ಟು ತೆರಿಗೆ ಜಮಾ ಮಾಡಿದ್ದಾರೆಂಬುದು ಅದರಲ್ಲಿ ಕಾಣುತ್ತದೆ. ಅಲ್ಲಿ ಜಮೆ ಕಂಡರೆ ಅರ್ಧ ಚಿಂತೆ ಹೋದಂತೆ. ಸಂಬಳದ ಚೀಟಿಗಳು, ಬ್ಯಾಂಕಿನ ಪಾಸ್‌ಬುಕ್ಕು, ಈ ಪಟ್ಟಿ ಇವಿಷ್ಟರ ಆಧಾರದಿಂದಲೇ ರಿಟರ್ನು ಸಲ್ಲಿಸಬಹುದು. ರಿಟರ್ನಿನೊಡನೆ ಫಾರಂ 16 ಲಗತ್ತಿಸಬೇಕೆಂಬ ನಿಯಮವೇ ಇಲ್ಲ. ಆದುದರಿಂದ ಪತ್ರ ಬರಲೆಂದು ಕಾಯುತ್ತ, ಸಾಮಾನ್ಯವಾಗಿ ಜುಲೈ 31ಕ್ಕೆ ಮುಗಿಯುವ ಗಡುವನ್ನು ಕಳೆದುಕೊಳ್ಳುವುದು ಜಾಣತನವಲ್ಲ. ತಡವಾದರೆ 5,000 ರೂಪಾಯಿಯವರೆಗೆ ಶುಲ್ಕ ತೆರಬೇಕಾದೀತು. ವರ್ಷದ ನಡುವೆ ಕೆಲಸ ಬದಲಿಸಿದವರು ಎರಡೂ ಕಡೆಯ ಸಂಬಳವನ್ನು ಕೂಡಿಸಿ ತೋರಿಸಲು ಮರೆಯಬಾರದು.

ಪಟ್ಟಿಯಲ್ಲಿ ಜಮೆಯೇ ಕಾಣದಿದ್ದರೆ? ನಿಜವಾದ ಸಂಕಟ ಇಲ್ಲಿದೆ. ಯಜಮಾನರು ಹಣವನ್ನು ಮುರಿದುಕೊಂಡು ಕಟ್ಟದೆ ಉಳಿಸಿಕೊಂಡಿರಬಹುದು. ಕಟ್ಟಿಯೂ ಮೂರು ತಿಂಗಳಿಗೊಮ್ಮೆ ಇಲಾಖೆಗೆ ಒಪ್ಪಿಸಬೇಕಾದ ವಿವರವನ್ನು ಒಪ್ಪಿಸದೆ ಇರಬಹುದು. ನಿಮ್ಮ ಪ್ಯಾನ್ ಸಂಖ್ಯೆಯನ್ನು ತಪ್ಪು ಬರೆದಿರಲೂಬಹುದು. ಕೊನೆಯ ಎರಡು ದೋಷಗಳನ್ನು ಅವರು ತಿದ್ದಿಕೊಟ್ಟರೆ ಸರಿಹೋಗುತ್ತದೆ. ಮೊದಲನೆಯದಾದರೆ, ಕಾಯಿದೆಯ 205ನೆಯ ಕಲಮು ನಿಮ್ಮ ರಕ್ಷಣೆಗೆ ನಿಂತಿದೆ. ಸಂಬಳದಿಂದ ತೆರಿಗೆ ಮುರಿದುಕೊಂಡದ್ದು ನಿಜವಾದಲ್ಲಿ, ಅಷ್ಟು ಮೊತ್ತವನ್ನು ಮತ್ತೆ ಕಟ್ಟೆಂದು ನೌಕರನನ್ನು ಕೇಳುವಂತಿಲ್ಲವೆಂಬುದು ಅದರ ಸಾರ. 2007ರಲ್ಲಿ ಬೊಂಬಾಯಿ ಹೈಕೋರ್ಟು ಇಂತಹುದೇ ಒಬ್ಬ ನೌಕರನ ಮೊಕದ್ದಮೆಯಲ್ಲಿ, ಯಜಮಾನರು ಪತ್ರ ಕೊಡದಿದ್ದರೂ ನೌಕರನಿಂದ ವಸೂಲು ಮಾಡಕೂಡದೆಂದು ತೀರ್ಪಿತ್ತಿತು. ಕೇಂದ್ರ ನೇರ ತೆರಿಗೆ ಮಂಡಳಿಯೂ 2015ರಲ್ಲಿ, ಮತ್ತೆ 2016ರಲ್ಲಿ, ಇಂತಹ ವಸೂಲಿಗೆ ಒತ್ತಾಯ ಮಾಡಬಾರದೆಂದು ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ.

ಆದರೆ ಕಾನೂನಿನ ಆಶ್ರಯ ದೊರೆಯಬೇಕಾದರೆ 'ಮುರಿದುಕೊಂಡರು' ಎಂಬುದನ್ನು ತೋರಿಸಬೇಕಷ್ಟೆ. ಸಂಬಳದ ಚೀಟಿ ಇಲ್ಲಿ ಚಿನ್ನಕ್ಕೆ ಸಮಾನ. ನೇಮಕದ ಪತ್ರ, ತೆರಿಗೆ ಕಳೆದು ಬಂದ ಸಂಬಳ ಜಮೆಯಾದ ಬ್ಯಾಂಕಿನ ಲೆಕ್ಕ, ನೀವು ಬರೆದ ಕಾಗದಗಳು ಇವೆಲ್ಲವನ್ನೂ ಒಂದು ಕಡತದಲ್ಲಿ ಕಟ್ಟಿಡಿ. ರಿಟರ್ನಿನಲ್ಲಿ ಪೂರ್ತಿ ಸಂಬಳವನ್ನೂ, ಮುರಿದ ತೆರಿಗೆಯನ್ನೂ, ಯಜಮಾನರ ಟ್ಯಾನ್ ಸಂಖ್ಯೆಯನ್ನೂ ಯಥಾರ್ಥವಾಗಿ ಬರೆಯಿರಿ. ಬಾಕಿಯ ನೋಟೀಸು ಬಂದರೆ ಹೆದರಿ ಹಣ ಕಟ್ಟಬೇಡಿ, ಅದನ್ನು ಕಡೆಗಣಿಸಲೂ ಬೇಡಿ. ಒಪ್ಪಿಗೆಯಿಲ್ಲವೆಂದು ಜಾಲತಾಣದಲ್ಲಿಯೇ ಉತ್ತರಿಸಿ 205ನೆಯ ಕಲಮನ್ನು ಉಲ್ಲೇಖಿಸಿ ದಾಖಲೆಗಳನ್ನು ಒದಗಿಸಿ. ಯಜಮಾನರ ಮೇಲೆ ವಿಚಾರಣೆಯಾಗಲೆಂದು ಇಲಾಖೆಯ ಟಿ.ಡಿ.ಎಸ್. ಅಧಿಕಾರಿಗೆ ದೂರು ಕೊಡಬಹುದು. ಇಷ್ಟಾದರೂ ಬಾಕಿ ಕೆಲಕಾಲ ಕಡತದಲ್ಲಿ ಉಳಿದು, ಮುಂದೆ ನಿಮಗೆ ಬರಬೇಕಾದ ಹಣಕ್ಕೆ ತಡೆಯೊಡ್ಡಬಹುದು; ತಾಳ್ಮೆ ಬೇಕು, ಮೊತ್ತ ದೊಡ್ಡದಿದ್ದರೆ ತಿಳಿದ ಲೆಕ್ಕಪರಿಶೋಧಕರ ಸಲಹೆಯೂ ಬೇಕು.

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆಗೆ ನಾವು ಉದಾಹರಣೆಯಾಗಬಾರದು. ಮೂರು ತಿಂಗಳಿಗೊಮ್ಮೆ ಆ ಲೆಕ್ಕಪಟ್ಟಿಯನ್ನು ತೆರೆದು ನೋಡುವ ಅಭ್ಯಾಸವಿದ್ದರೆ, ಮೋಸವೋ ಮರೆವೋ ವರ್ಷಾಂತ್ಯಕ್ಕೆ ಮೊದಲೇ ಬೆಳಕಿಗೆ ಬರುತ್ತದೆ. ಊರು ಬಿಟ್ಟು ಬಂದು ದುಡಿಯುವವನಿಗೆ ಪ್ರತಿಯೊಂದು ರೂಪಾಯಿಯೂ ಬೆವರಿನ ಫಲ. ಅದು ಸರಕಾರಕ್ಕೆ ಸಲ್ಲಲಿ, ಸಂತೋಷ; ಎರಡು ಸಲ ಸಲ್ಲಬೇಕಾದ ಕಾರಣವಿಲ್ಲ.