ನಲ್ಲಿ ನಿಂತ ದಿನದ ನೀರು

ಕಾವೇರಿ, ಕಬಿನಿಗಳ ನೀರು ಮೈಸೂರಿನ ಮನೆಗಳಿಗೆ ತಾನಾಗಿ ಹರಿದು ಬರುವುದಿಲ್ಲ; ಪಂಪು ಎತ್ತಿಕೊಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಲ್ಲಿ ರಸ್ತೆ, ವಿದ್ಯುತ್ ಎರಡೂ ಕಡಿದುಹೋದವು. ಅಂಥ ದಿನ ಕುಂಬಾರಕೊಪ್ಪಲಿಗೆ ಬಂದರೆ?

ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂಬುದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳ ಲೆಕ್ಕ. ನಿಮ್ಮ ಬೀದಿಯಲ್ಲಿ 400 ಜನರಿದ್ದರೆ 6,000 ಲೀಟರ್. ಟ್ಯಾಂಕರ್ ಎಲ್ಲಿ ನಿಲ್ಲಬೇಕು, ನಡೆಯಲಾರದ ವೃದ್ಧರಿಗೆ, ಬಾಣಂತಿಯರಿಗೆ ಕೊಡ ಹೊತ್ತು ಕೊಡುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಹತ್ತಿರದ ಕೊಳವೆಬಾವಿಗಳ ಪಟ್ಟಿಯೂ ಇರಲಿ. ಕರೆಂಟ್ ಇಲ್ಲದೆ ಮೋಟಾರು ಓಡದು, ಆಗ ನೆಚ್ಚಬಹುದಾದದ್ದು ಕೈಪಂಪು.

ನೀರು ಸಿಕ್ಕಿತೆಂದು ಹಾಗೇ ಕುಡಿಯಬೇಡಿ. ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರ ಹರಡುವುದು ಕಲುಷಿತ ನೀರಿನಿಂದಲೇ. ಬಗ್ಗಡವಾದ ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. 1,000 ಲೀಟರಿಗೆ ಕನಿಷ್ಠ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಸುರಿದು ಒಂದು ಗಂಟೆ ಬಿಡಬೇಕು. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಅಂಥದ್ದನ್ನು ಹಾಕಿ ನಿಶ್ಚಿಂತರಾಗುವುದೇ ಹೆಚ್ಚು ಅಪಾಯ. ಆರೋಗ್ಯ ಸಿಬ್ಬಂದಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಿ.

ಪುಡಿ ಇಲ್ಲವೇ? ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಮುಚ್ಚಿಡಿ. ಅದರೊಳಗೆ ಕೈಯೂ ಲೋಟವೂ ಅದ್ದದಂತೆ, ಉದ್ದ ಹಿಡಿಯ ಸೌಟಿನಿಂದ ತೆಗೆದುಕೊಳ್ಳಿ.