ಕ್ರಿಯಾಟಿನಿನ್ ಏನನ್ನು ಹೇಳುತ್ತದೆ?

ರಕ್ತಪರೀಕ್ಷೆಯ ಚೀಟಿಯಲ್ಲಿ ‘ಕ್ರಿಯಾಟಿನಿನ್’ ಎಂಬ ಹೆಸರನ್ನು ಕಂಡು, ಅದೊಂದು ರೋಗವೆಂದೇ ಭಾವಿಸುವವರು ಬಹಳ ಮಂದಿ. ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು: “ಸ್ವಾಮಿ, ಈ ಕ್ರಿಯಾಟಿನ್ ಬಂದೋರು ಉಳೀತಾರಾ?” ಕ್ರಿಯಾಟಿನಿನ್ ಬರುವ ರೋಗವಲ್ಲ, ನಮ್ಮೆಲ್ಲರ ಮೈಯಲ್ಲೂ ದಿನವೂ ಹುಟ್ಟುವ ಕಸ.

ಮಾಂಸಖಂಡಗಳಲ್ಲಿ ಕ್ರಿಯಾಟಿನ್ ಎಂಬ ವಸ್ತುವಿದೆ. ದುಡಿಯುವ ಸ್ನಾಯುವಿಗೆ ಒಡನೆಯೇ ಶಕ್ತಿಯನ್ನು ಒದಗಿಸಲು ಅದು ನೆರವಾಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ದಿನವೂ ಸವೆದು ಕ್ರಿಯಾಟಿನಿನ್ ಆಗಿ ರಕ್ತವನ್ನು ಸೇರುತ್ತದೆ. ಅದನ್ನು ಸೋಸಿ ಹೊರಹಾಕುವವು ಮೂತ್ರಪಿಂಡಗಳು. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವೆಲ್ಲ ಕೂಡಿ ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಹುಟ್ಟುವ ಕಸ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ, ರಕ್ತದಲ್ಲಿ ಅದು ಏರಿತೆಂದರೆ ಜರಡಿ ಕೆಟ್ಟಿರಬಹುದೆಂದು ಊಹಿಸುತ್ತೇವೆ.

ಆದರೆ ಈ ಅಂಕಿಯನ್ನು ಒಂಟಿಯಾಗಿ ಓದಬಾರದು. ಡೆಸಿಲೀಟರಿಗೆ 0.6ರಿಂದ 1.2 ಮಿಲಿಗ್ರಾಂ ಸ್ಥೂಲವಾಗಿ ಸಹಜವೆನ್ನುವುದುಂಟು. ಹೊಲದಲ್ಲಿ ದುಡಿಯುವ 30 ವರ್ಷದ ಗಟ್ಟಿಮುಟ್ಟಾದ ಯುವಕನಿಗೂ, 70 ವರ್ಷದ ಅಜ್ಜಿಗೂ 1.2 ಬಂದಿದೆಯೆನ್ನೋಣ. ವಯಸ್ಸು ಮತ್ತು ಲಿಂಗವನ್ನು ಗಣಿಸುವ, 2021ರಲ್ಲಿ ಪರಿಷ್ಕೃತವಾದ ಸೂತ್ರದಂತೆ ಯುವಕನ ಶೋಧನೆಯ ಪ್ರಮಾಣ ನಿಮಿಷಕ್ಕೆ ಸುಮಾರು 83 ಮಿಲಿಲೀಟರ್. ಅಜ್ಜಿಯದು ಸುಮಾರು 49 ಮಾತ್ರ. ಸ್ನಾಯು ಕರಗಿದ ಮೈಯಲ್ಲಿ ಕಸವೇ ಕಡಿಮೆ ಹುಟ್ಟುವುದರಿಂದ ಅಂಕಿ ಸೌಮ್ಯವಾಗಿ ಕಾಣುತ್ತದೆ. ಆದುದರಿಂದ ಚೀಟಿಯಲ್ಲಿ ‘ಇ-ಜಿ-ಎಫ್-ಆರ್’ ಎಂಬ ಸಾಲನ್ನೂ ನೋಡಬೇಕು. ಅದು 60ಕ್ಕಿಂತ ಕೆಳಗೆ 3 ತಿಂಗಳಿಗೂ ಮೀರಿ ನಿಂತರೆ ದೀರ್ಘಕಾಲದ ಮೂತ್ರಪಿಂಡ ರೋಗವೆಂದು ಹೇಳುತ್ತಾರೆ. ಪರೀಕ್ಷೆಯ ಹಿಂದಿನ ದಿನ ಬಾಡೂಟ ಉಂಡಿದ್ದರೂ, ವಾಂತಿಭೇದಿಯಿಂದ ಮೈ ಒಣಗಿದ್ದರೂ ಅಂಕಿ ಏರಬಹುದು. ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ತರವಲ್ಲ.

ಇನ್ನೊಂದು ತೊಡಕುಂಟು. ಮೂತ್ರಪಿಂಡಗಳ ಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಕ್ರಿಯಾಟಿನಿನ್ ಸಹಜದ ಎಲ್ಲೆಯೊಳಗೇ ಇರಬಹುದು. ನೋವಿಲ್ಲ, ಊತವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ಅಂಕಿ ಏರಲೆಂದು ಕಾಯದೆ, ವರ್ಷಕ್ಕೊಮ್ಮೆಯಾದರೂ ರಕ್ತದೊಡನೆ ಮೂತ್ರದಲ್ಲಿನ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಜರಡಿ ಹರಿಯತೊಡಗಿದ ಸುಳಿವು ಅನೇಕ ವೇಳೆ ಅಲ್ಲಿ ಮೊದಲು ಕಾಣುತ್ತದೆ.

ರಾಗಿ ಕೊಯ್ಲು, ಹಿಪ್ಪುನೇರಳೆ ಸೊಪ್ಪಿನ ಹೊರೆ ಎಂದು ದುಡಿದ ಮೈಗೆ ಸೊಂಟನೋವು, ಮಂಡಿನೋವು ಸಹಜ. ಆದರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಮೂತ್ರಪಿಂಡಕ್ಕೆ ಹಾನಿಕರ. ನೀರು ಹೆಚ್ಚು ಕುಡಿದರೆ ಎಲ್ಲ ಸರಿಹೋದೀತೆಂಬ ನಂಬಿಕೆಯೂ ಸಲ್ಲದು; ಕೆಟ್ಟ ಜರಡಿಯನ್ನು ನೀರು ಹೊಸದಾಗಿಸದು.

ಶೋಧನೆ ತೀರ ಕುಗ್ಗಿದವರಿಗೆ ಡಯಾಲಿಸಿಸ್ ಇದೆ. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಆದರೂ ವಾರಕ್ಕೆ ಎರಡು ಮೂರು ದಿನ, ಪ್ರತಿಸಲವೂ ಸುಮಾರು 4 ಗಂಟೆ, ಜೊತೆಗೊಬ್ಬರು, ಹೋಗಿಬರುವ ದಾರಿ! ಒಂದು ರೈತ ಕುಟುಂಬಕ್ಕೆ ಇದೆಷ್ಟು ಭಾರವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಪರೀಕ್ಷೆಯ ಚೀಟಿಗಳನ್ನು ಎಸೆಯದೆ ಜೋಡಿಸಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಒಂದು ಅಂಕಿಗಿಂತ, ವರುಷ ವರುಷಕ್ಕೆ ಅದು ಸಾಗಿದ ದಾರಿ ಹೆಚ್ಚಿನದನ್ನು ಹೇಳುತ್ತದೆ.