ಕ್ರೀಡಾಂಗಣದಲ್ಲಿ ಮನಸ್ಸಿಗೊಬ್ಬ ಸಂಗಾತಿ

ಹನೂರು ತಾಲ್ಲೂಕಿನ ಹೂಗ್ಯಂ ಕಾಡಂಚಿನ ಊರು. ಇಂತಹ ಊರಿನ ಶಾಲೆಯ ಬಯಲಿನಲ್ಲಿ ಬರಿಗಾಲಿನಲ್ಲಿ ಓಡಿ ಬೆಳೆದ ಹುಡುಗಿಯೊಬ್ಬಳು ಹೋಬಳಿ, ತಾಲ್ಲೂಕು, ಜಿಲ್ಲಾಮಟ್ಟಗಳನ್ನು ದಾಟಿ, ಕ್ರೀಡಾ ವಸತಿನಿಲಯದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ, ಕಡೆಗೊಂದು ದಿನ ದೇಶದ ಅಂಗಿಯನ್ನು ತೊಟ್ಟು ಅಂತಾರಾಷ್ಟ್ರೀಯ ಅಂಗಣದಲ್ಲಿ ನಿಲ್ಲುವುದು ಅಸಂಭವವೇನಲ್ಲ. ಕೊಳ್ಳೇಗಾಲದ ಆಚೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೊಖೊ ವಿಶ್ವಕಪ್ಪನ್ನು ಗೆದ್ದ ಭಾರತದ ವನಿತೆಯರ ತಂಡದಲ್ಲಿದ್ದರು. ಹಾಗೆ ನಿಂತವಳ ಕಾಲು ಉಳುಕಿದರೆ ಪಟ್ಟಿ ಕಟ್ಟಲು ವೈದ್ಯರುಂಟು, ಊಟವನ್ನು ತೂಗಿ ಕೊಡಲು ತಜ್ಞರುಂಟು. ಆದರೆ ಸ್ಪರ್ಧೆಯ ಹಿಂದಿನ ರಾತ್ರಿ ಎದೆ ಡವಗುಟ್ಟಿ, ನಿದ್ರೆ ಹತ್ತದೆ ಹೊರಳುವಾಗ ಅವಳು ಯಾರ ಬಾಗಿಲನ್ನು ತಟ್ಟಬೇಕು? ಆ ಬಾಗಿಲು ಯಾವುದೆಂಬುದು ಅವಳಿಗೆ ವಿಮಾನವೇರುವ ಮುಂಚೆಯೇ ತಿಳಿದಿರಬೇಕೆಂಬುದು ನನ್ನ ಆಗ್ರಹ.

ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಹೋದಾಗ ಗಾಲ್ಫ್ ಆಟದ ವಿಶ್ವಶ್ರೇಯಾಂಕದಲ್ಲಿ ಅವರದು 200ನೆಯ ಸ್ಥಾನ. ಆದರೂ ನಾಲ್ಕು ದಿನಗಳ ಕಾಲ ಜಗತ್ತಿನ ಅಗ್ರಗಣ್ಯರೊಡನೆ ಸರಿಸಮನಾಗಿ ಆಡಿ, ಆಗಸ್ಟ್ 7ರಂದು ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಆ ನಾಲ್ಕೂ ದಿನ ಅವರ ಚೀಲವನ್ನು ಹೊತ್ತು, ಹುಲ್ಲುಹಾಸಿನ ಉದ್ದಕ್ಕೂ ಪಕ್ಕದಲ್ಲಿ ನಡೆದ ಕ್ಯಾಡಿ ಅವರ ತಾಯಿ. ಐದು ವರ್ಷಗಳ ಹಿಂದೆ ರಿಯೊದಲ್ಲಿ ಅದೇ ಚೀಲವನ್ನು ಹೊತ್ತವರು ತಂದೆ. ಆಟ ನಡೆಯುತ್ತಿರುವಾಗ, ಅಂತಹ ಏಕವ್ಯಕ್ತಿ ಸ್ಪರ್ಧೆಯಲ್ಲಿ, ಆಟಗಾರನು ಸಲಹೆ ಕೇಳಬಹುದಾದ ವ್ಯಕ್ತಿ ಕ್ಯಾಡಿಯೊಬ್ಬನೇ ಎಂಬುದು ಗಾಲ್ಫಿನ ನಿಯಮ. ಚೆಂಡು ಗುಳಿಯ ಅಂಚಿನಲ್ಲಿ ತಪ್ಪಿಹೋದ ಮರುಕ್ಷಣದಲ್ಲಿ, ಮುಂದಿನ ಹೊಡೆತಕ್ಕೆ ನಡೆದುಹೋಗುವ ಆ ಕೆಲವು ನಿಮಿಷಗಳಲ್ಲಿ, ಗೆಲುವು ಸೋಲುಗಳನ್ನು ಮೀರಿ ತನ್ನವರೆನ್ನಬಹುದಾದ ಒಬ್ಬರು ಜೊತೆಯಲ್ಲಿರುವುದು ಎಂತಹ ಬಲ! ಎಲ್ಲರೂ ತಾಯಿಯನ್ನು ಅಂಗಣದೊಳಕ್ಕೆ ಕರೆದೊಯ್ಯಲಾರರು. ಆ ಸಾನ್ನಿಧ್ಯವನ್ನು ಒದಗಿಸುವ ಹೊಣೆ ತಂಡದ ಮೇಲೆ ಬೀಳುವುದು ಆದುದರಿಂದಲೇ.

ಸಂಗಾತಿಯಿಲ್ಲದ ಮನಸ್ಸು ಎಲ್ಲಿಗೆ ಮುಟ್ಟಬಹುದೆಂಬುದನ್ನು ಕೊಡಗಿನ ಮೂಲದ ರಾಬಿನ್ ಉತ್ತಪ್ಪ 2020ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. 2007ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದ ಆಟಗಾರ ಅವರು. ಆದರೆ 2009ರಿಂದ 2011ರವರೆಗೆ ಖಿನ್ನತೆಯಲ್ಲಿ ಬೆಂದು, ಬದುಕೇ ಬೇಡವೆನ್ನಿಸುವ ಘಟ್ಟವನ್ನೂ ಮುಟ್ಟಿದ್ದರು. ಆಟವಿದ್ದ ದಿನ ಹೇಗೋ ಕಳೆಯುತ್ತಿತ್ತು, ಆಟವಿಲ್ಲದ ದಿನವೇ ದುರ್ಭರವಾಗಿತ್ತೆಂದು ಅವರು ಹೇಳಿದ ಮಾತನ್ನು ತಂಡದ ವ್ಯವಸ್ಥಾಪಕರೆಲ್ಲ ಮನನ ಮಾಡಬೇಕು. ಏಕೆಂದರೆ ನಮ್ಮ ಕಾಳಜಿಯೆಲ್ಲ ಪಂದ್ಯದ ದಿನಕ್ಕೇ ಮೀಸಲು. ತಮ್ಮ ಮನಸ್ಸಿನ ಗತಿಯನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡು, ಹೊರಗಿನವರ ನೆರವನ್ನು ಪಡೆದು ಚೇತರಿಸಿಕೊಂಡ ಅವರೇ 2014ರ ಐಪಿಎಲ್‌ನಲ್ಲಿ 660 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು.

ಟೋಕಿಯೊದಲ್ಲಿಯೇ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಅಂತಿಮ ಸ್ಪರ್ಧೆಯಿಂದ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ಸುತ್ತುತ್ತಿರುವಾಗ ತನ್ನ ದೇಹ ಎಲ್ಲಿದೆಯೆಂಬ ಅರಿವೇ ತಪ್ಪಿಹೋಗುವ ಸ್ಥಿತಿ ಅವರದಾಗಿತ್ತು. ಆ ಸ್ಥಿತಿಯಲ್ಲಿ ಹಾರಿದ್ದರೆ ಕತ್ತು ಮುರಿಯುವ ಅಪಾಯವಿತ್ತು. ಅದನ್ನು ಅಳುಕೆಂದು ಕರೆದವರು ಅನ್ಯಾಯ ಮಾಡಿದರು. ವಾರ ಕಳೆದು ಅವರು ಬೀಮ್ ಮೇಲಿನ ಸ್ಪರ್ಧೆಗೆ ಮರಳಿ ಕಂಚನ್ನು ಗೆದ್ದರು. 2024ರ ಪ್ಯಾರಿಸ್ ವೇಳೆಗೆ ಕ್ರೀಡಾಗ್ರಾಮದೊಳಗೇ ‘ಮೈಂಡ್ ಝೋನ್’ ಎಂಬ ವಿಶ್ರಾಂತಿಯ ತಾಣವಿದ್ದಿತು. 70ಕ್ಕೂ ಹೆಚ್ಚು ಭಾಷೆಗಳ ಅಹರ್ನಿಶಿ ಸಹಾಯವಾಣಿಯಿದ್ದಿತು. ಕ್ರೀಡಾಪಟುಗಳ ಮೇಲೆ ಅಂತರ್ಜಾಲದಲ್ಲಿ ಸುರಿಯುವ ನಿಂದೆಯನ್ನು ಯಂತ್ರಬುದ್ಧಿಯಿಂದ ಪತ್ತೆಮಾಡುವ ಏರ್ಪಾಟೂ ಇದ್ದಿತು.

ಒಲಿಂಪಿಕ್ಸ್ ತಲಪಿದವರಿಗೆ ಇಷ್ಟಾಯಿತು. ತಲಪುವ ದಾರಿಯಲ್ಲಿರುವ ನಮ್ಮ ಮಕ್ಕಳ ಗತಿಯೇನು? ‘ಬರಿಗೈಲಿ ಬರಬೇಡ ಕಣವ್ವ, ಊರ ಮಾನ ನಿನ್ನ ಕೈಲದೆ’ ಎಂದು ಹರಸಿ ಕಳುಹಿಸುವ ಹಿರಿಯರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲವಾದರೂ, ಹದಿನಾರರ ಹುಡುಗಿಯ ಹೆಗಲಿಗೆ ಅದು ಹೊರೆಯೇ. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹೂಗ್ಯಂನಿಂದಲೂ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದೈಹಿಕ ಶಿಕ್ಷಣದ ಮೇಷ್ಟರುಗಳು ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೂ ಉಪಕಾರವೇ. ಆದರೆ ದೂರವಾಣಿಯಷ್ಟೇ ಸಾಲದು. ಕ್ರೀಡಾ ವಸತಿನಿಲಯಗಳಲ್ಲಿ ಆಪ್ತಸಮಾಲೋಚಕರು ಬೇಕು. ಅವರು ಆಯ್ಕೆ ಸಮಿತಿಯಲ್ಲಿ ಕೂರುವವರಾಗಿರಬಾರದು, ಅವರ ಕಿವಿಗೆ ಬಿದ್ದ ಮಾತು ಆಯ್ಕೆಗಾರರಿಗೆ ಮುಟ್ಟಬಾರದು. ತನ್ನ ದುಗುಡವನ್ನು ಹೇಳಿಕೊಂಡರೆ ತಂಡದಿಂದ ಹೆಸರು ಹೋದೀತೆಂಬ ಭಯವಿರುವವರೆಗೆ ಯಾವ ಹುಡುಗಿಯೂ ಬಾಯಿ ಬಿಡುವುದಿಲ್ಲ.